ಪಂಚರ ಅಂಗಡಿ

ಸೋಲಾಪುರದ ನವೀ ಪೇಠೆಯ ಹಿಂಬದಿಯ ಓಣಿಯೊಂದರಲ್ಲಿ ನಮ್ಮ ಮಿತ್ರರೊಬ್ಬರ ಚಿಕ್ಕ ಅಂಗಡಿಯುಂಟು. ಮುಂಭಾಗದಲ್ಲಿ ಶಾಲಾ ಮಕ್ಕಳ ಸಮವಸ್ತ್ರಗಳು ತೂಗಾಡುತ್ತಿರುತ್ತವೆ. ಅದರಲ್ಲಿ ವಿಶೇಷವೇನೂ ಇಲ್ಲ. ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದ ಮೇಲೆ ಈ ಊರಿನ ಎಷ್ಟೋ ಮನೆಗಳಲ್ಲಿ ಹೊಲಿಗೆ ಯಂತ್ರವೇ ಅನ್ನದಾತನಾಗಿದ್ದು, ಇಲ್ಲಿ ಹೊಲಿದ ಸಮವಸ್ತ್ರಗಳನ್ನು ಹೊರರಾಜ್ಯಗಳ ಮಕ್ಕಳೂ ತೊಡುತ್ತಿರುವುದು ನಮ್ಮ ವಾಚಕರಿಗೆ ತಿಳಿದ ಸಂಗತಿಯೇ. ವಿಶೇಷವಿರುವುದು ಒಳಗಿನ ಎಡಗೋಡೆಯ ಕಪಾಟಿನಲ್ಲಿ. ಅಲ್ಲಿ ಆಟದ ಸಾಮಗ್ರಿಯುಂಟು, ಆದರೆ ಆಡುವವರಿಗೆ ಬೇಕಾದ ಚೆಂಡಾಗಲಿ ಬ್ಯಾಟಾಗಲಿ ಇಲ್ಲ. ಆಟವಾಡಿಸುವವರಿಗೆ, ಎಂದರೆ ತೀರ್ಪುಗಾರರಿಗೆ, ಏನು ಬೇಕೋ ಅದಷ್ಟೇ ಅಲ್ಲಿ ಸಿಕ್ಕುತ್ತದೆ.

ಮರಾಠಿಯಲ್ಲಿ ಆಟದ ತೀರ್ಪುಗಾರನಿಗೆ 'ಪಂಚ' ಎನ್ನುತ್ತಾರೆ. ಆ ಮಾತನ್ನು ನಮ್ಮ ಕನ್ನಡದ ಬಾಯಿಗೆ ಒಗ್ಗಿಸಿಕೊಂಡ ಓಣಿಯವರು ಇದಕ್ಕೆ 'ಪಂಚರ ಅಂಗಡಿ' ಎಂದು ನಾಮಕರಣ ಮಾಡಿದರು. ಪರಿಣಾಮವೇನಾಯಿತೆಂದರೆ, ಗಾಳಿ ಹೋದ ಸೈಕಲನ್ನು ತಳ್ಳಿಕೊಂಡು ಬಂದು "ಪಂಚರ್ ಎಷ್ಟ ತಗೋತೀರಿ?" ಎಂದು ಕೇಳುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ನಮ್ಮ ಮಿತ್ರರು ಬೇಸರಿಸುವುದಿಲ್ಲ. ಅವರಿಗಾಗಿಯೇ ಮೂಲೆಯಲ್ಲಿ ಗಾಳಿ ಹಾಕುವ ಪಂಪನ್ನು ಇಟ್ಟಿದ್ದಾರೆ. "ಬಂದ ಗಿರಾಕಿ ಬರಿಗೈಲೆ ಹೋಗಬಾರದ್ರಿ ಮಾಸ್ತರ" ಎಂಬುದು ಅವರ ಸಮಾಧಾನ.

ನಮ್ಮವರ ಕಸುಬುಗಳನ್ನು ಪರಿಚಯಿಸುತ್ತ ಬಂದಿರುವ ಈ ಪುಟದಲ್ಲಿ ಇಷ್ಟು ದಿನ ಈ ಅಂಗಡಿಯ ಸುದ್ದಿ ಬಾರದಿರುವುದಕ್ಕೆ ಒಂದು ಕಾರಣವುಂಟು. ಅದು ನಮ್ಮ ಮನಸ್ಸಿನೊಳಗಿನ ಕಾರಣ. ಅದನ್ನು ಮುಂದೆ ಸ್ಥಳ ಬಂದಾಗ ಹೇಳುತ್ತೇವೆ.

ಮೊದಲು ಶಬ್ದದ ವಿಚಾರ. ಇಂಗ್ಲಿಷಿನ 'ಅಂಪೈರ್' ಎಂಬ ಮಾತಿನ ಮೂಲ ಹಳೆಯ ಫ್ರೆಂಚ್ ಭಾಷೆಯ 'ನಾನ್‌ಪೇರ್'. ಜೊತೆಯಿಲ್ಲದವನು, ಇಬ್ಬರಲ್ಲಿ ಯಾರಿಗೂ ಜೋಡಿಯಾಗದ ಮೂರನೆಯವನು ಎಂದು ಅದರ ಅರ್ಥ. ಇಂಗ್ಲಿಷಿಗೆ ಬಂದ ಮೇಲೆ ಮೊದಲಿನ ನಕಾರವು ಬಾಯಿಂದ ಬಾಯಿಗೆ ಸವೆದು ತನ್ನ ಪದವನ್ನು ಬಿಟ್ಟು ಹಿಂದಿನ ಪದಕ್ಕೆ ಅಂಟಿಕೊಂಡು, ಉಳಿದದ್ದು 'ಅಂಪೈರ್' ಆಯಿತು. 'ರೆಫರಿ' ಎಂಬ ಮಾತಿನ ಕಥೆಯೂ ಇದಕ್ಕೆ ಸಮೀಪವಾದದ್ದೇ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಒಂದೊಂದು ತಂಡವೂ ತನ್ನ ಕಡೆಯ ಅಂಪೈರನನ್ನು ಜೊತೆಗೇ ಕರೆತರುತ್ತಿತ್ತು. ತನ್ನವರ ಅನ್ನ ಉಂಡವನು ತನ್ನವರ ಪರವಾಗಿಯೇ ನುಡಿಯುವುದು ಸಹಜವಾದ್ದರಿಂದ ಇಬ್ಬರಿಗೂ ಒಮ್ಮತವಾಗುವುದು ಕಷ್ಟವಾಯಿತು. ಆಗ ಮೈದಾನದ ಹೊರಗಿದ್ದ ಮೂರನೆಯವನಿಗೆ ವಿವಾದವನ್ನು ಒಪ್ಪಿಸುತ್ತಿದ್ದರು. ಹಾಗೆ ಯಾರಿಗೆ ಒಪ್ಪಿಸಲಾಯಿತೋ ಅವನೇ ರೆಫರಿ. ೧೮೯೧ರಲ್ಲಿ ಆ ಮೂರನೆಯವನೇ ಸೀಟಿ ಹಿಡಿದು ಮೈದಾನದೊಳಕ್ಕೆ ಬಂದನು. ಅಂಪೈರರಿಬ್ಬರೂ ಗೆರೆಯ ಅಂಚಿಗೆ ಸರಿದರು. ಎರಡು ಕಡೆಯವರು ಸೇರಿದಲ್ಲೆಲ್ಲ ಮೂರನೆಯವನೊಬ್ಬ ಬೇಕೆಂಬುದನ್ನು ಗಡಿಯಲ್ಲಿ ಬಾಳುವ ನಮಗೆ ಬೇರೆಯವರು ಕಲಿಸಬೇಕಾಗಿಲ್ಲ.

ಇನ್ನು ಕಪಾಟಿನ ಕಡೆಗೆ ಬರೋಣ. ಮೇಲಿನ ಸಾಲಿನಲ್ಲಿ ಕ್ರಿಕೆಟ್ ಅಂಪೈರರ ಸಾಮಗ್ರಿ. ಒಂದು ಓವರಿಗೆ ಆರು ಚೆಂಡುಗಳಷ್ಟೇ. ಎಣಿಸುವುದೇನು ಮಹಾ ಎಂದು ಕುಳಿತು ನೋಡುವವರಿಗೆ ಅನಿಸಬಹುದು. ಆದರೆ ಬಿಸಿಲಿನಲ್ಲಿ ಆರು ತಾಸು ನಿಂತು, ನಡುವೆ ನೋಬಾಲು, ವೈಡು, ಜಗಳ, ನೀರಿನ ವಿರಾಮ ಎಲ್ಲವೂ ಬಂದಾಗ ಐದೋ ಆರೋ ಎಂಬ ಸಂದೇಹ ಎಂಥವನಿಗೂ ಹುಟ್ಟುತ್ತದೆ. ಹಿಂದಿನವರು ಆರು ಹರಳುಗಳನ್ನೋ ನಾಣ್ಯಗಳನ್ನೋ ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ದಾಟಿಸುತ್ತ ಲೆಕ್ಕ ಇಡುತ್ತಿದ್ದರು. ಈಗ ಅಂಗೈಯಲ್ಲಿ ಅಡಗುವ ಎಣಿಕೆಯ ಚಕ್ರವುಂಟು. ಗಾಳಿ ಜೋರಾಗಿ ಬೀಸುವ ದಿನಕ್ಕೆಂದು ತೂಕದ ಬೇಲ್ಸುಗಳುಂಟು. ಚೆಂಡಿನ ಸುತ್ತಳತೆಯು ೨೨.೪ ಸೆಂಟಿಮೀಟರಿಗೆ ಕಡಿಮೆಯಾಗದೆ, ೨೨.೯ಕ್ಕೆ ಹೆಚ್ಚಾಗದೆ ಇದೆಯೇ ಎಂದು ನೋಡುವ ಬಳೆಗಳುಂಟು. ಸಣ್ಣ ಕತ್ತರಿ, ಒರಸುವ ಬಟ್ಟೆ, ಪೆನ್ಸಿಲು, ಮಳೆ ಬಂದರೂ ಅಳಿಸದ ಚೀಟಿಪುಸ್ತಕ ಇವೂ ಉಂಟು.

ಕೆಳಗಿನ ಸಾಲು ಕಬಡ್ಡಿಯದು, ಖೋಖೋದು, ವಾಲಿಬಾಲಿನದು. ನಮ್ಮ ಭಾಗದಲ್ಲಿ ನಿಜವಾದ ಗಿರಾಕಿ ಇರುವುದು ಈ ಸಾಲಿಗೆ. ಕಬಡ್ಡಿಯ ಒಂದು ಪಂದ್ಯ ಸರಿಯಾಗಿ ನಡೆಯಬೇಕಾದರೆ ರೆಫರಿ ಒಬ್ಬ, ಅಂಪೈರರು ಇಬ್ಬರು, ಅಂಕ ಬರೆಯುವವ ಒಬ್ಬ, ಅವನಿಗೆ ಸಹಾಯಕರು ಇಬ್ಬರು, ಹೀಗೆ ಒಟ್ಟು ಆರು ಜನ ಬೇಕು. ಅಂಗಳದಲ್ಲಿ ಒಂದೊಂದು ತಂಡಕ್ಕೆ ಏಳೇಳು ಜನ ಆಡುವಾಗ, ಆಡಿಸುವವರೇ ಆರು ಜನ! ಒಂದು ದಾಳಿಗೆ ೩೦ ಸೆಕೆಂಡು. ಅದಕ್ಕೆ ಗಡಿಯಾರ ಬೇಕು. ಎಚ್ಚರಿಕೆಗೆ ಹಸಿರು, ಎರಡು ನಿಮಿಷ ಹೊರಗಿಡುವುದಕ್ಕೆ ಹಳದಿ, ಪಂದ್ಯದಿಂದಲೇ ಹೊರಹಾಕುವುದಕ್ಕೆ ಕೆಂಪು, ಹೀಗೆ ಮೂರು ಬಣ್ಣದ ಚೀಟಿಗಳು ಬೇಕು. ಇಂಥ ಬಣ್ಣದ ಚೀಟಿ ಫುಟ್‌ಬಾಲಿನ ವಿಶ್ವಕಪ್ಪಿನಲ್ಲಿ ಮೊದಲು ಕಾಣಿಸಿಕೊಂಡದ್ದು ೧೯೭೦ರಲ್ಲಿ, ಮೆಕ್ಸಿಕೋ ದೇಶದಲ್ಲಿ. ಅದನ್ನು ಕಲ್ಪಿಸಿದವರು ಇಂಗ್ಲೆಂಡಿನ ಕೆನ್ ಆಸ್ಟನ್ ಎಂಬ ರೆಫರಿ. ರಸ್ತೆಯ ದೀಪಸ್ತಂಭದಲ್ಲಿ ಹಳದಿ ದೀಪ ಕೆಂಪಾಗುವುದನ್ನು ಕಂಡಾಗ ಅವರಿಗೆ ಇದು ಹೊಳೆಯಿತಂತೆ. ಭಾಷೆ ಬಾರದವನಿಗೂ ಬಣ್ಣ ಅರ್ಥವಾಗುತ್ತದಲ್ಲವೇ?

ಈಗ ಸೀಟಿಯ ವಿಚಾರ. ಈ ಅಂಗಡಿಯ ಎರಡು ನಿಯಮಗಳು ಕಪಾಟಿನ ಮೇಲೆಯೇ ಕನ್ನಡ, ಮರಾಠಿ ಎರಡರಲ್ಲಿಯೂ ಬರೆದು ತೂಗಹಾಕಲ್ಪಟ್ಟಿವೆ. ಮೊದಲನೆಯದು: 'ಬಾಯಿಗೆ ಹಚ್ಚಿದ ಸೀಟಿಯನ್ನು ಮರಳಿ ಪಡೆಯುವುದಿಲ್ಲ.' ಇದು ಆರೋಗ್ಯದ ನಿಯಮ. ೨೦೨೦ರ ಮಹಾಮಾರಿಯ ತರುವಾಯ ಇದನ್ನು ಯಾರಿಗೂ ವಿವರಿಸಬೇಕಾದ ಅಗತ್ಯ ಬಿದ್ದಿಲ್ಲ. ಎರಡನೆಯದು: 'ಒಂದೇ ಸೀಟಿಯನ್ನು ಮಾರುವುದಿಲ್ಲ.' ಬೇಕಾದರೆ ಎರಡು ಕೊಳ್ಳಬೇಕು. ಎರಡನೆಯದನ್ನು ಅರ್ಧ ಬೆಲೆಗೆ ಕೊಡುತ್ತಾರೆ. ಹಣವಿಲ್ಲದ ಹೊಸಬನಿದ್ದರೆ ಉದ್ರಿ ಬರೆದುಕೊಳ್ಳುತ್ತಾರೆ. ಆದರೆ ಒಂದನ್ನೇ ಕೊಟ್ಟು ಕಳುಹಿಸುವುದಿಲ್ಲ. ಈ ಹಟದಿಂದ ಗಿರಾಕಿಯನ್ನು ಕಳೆದುಕೊಂಡದ್ದೂ ಉಂಟು. ಇದರ ಹಿಂದಿನ ಕಥೆಯನ್ನು ನಾವು ಬಲ್ಲೆವು. ಬಲ್ಲೆವು ಎಂಬುದಕ್ಕಿಂತ ಆ ಕಥೆಯಲ್ಲಿ ನಾವೂ ಇದ್ದೆವು ಎಂಬುದೇ ಸರಿ.

ನಲವತ್ತು ವರ್ಷಗಳಿಗೂ ಹಿಂದಿನ ಮಾತು. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಜಾತ್ರೆಯಲ್ಲಿ ಕಬಡ್ಡಿಯ ಅಂತಿಮ ಪಂದ್ಯ. ಒಂದು ಕಡೆ ಸೋಲಾಪುರ ಪಟ್ಟಣದ ತಂಡ, ಇನ್ನೊಂದು ಕಡೆ ಗಡಿಯಾಚೆಯಿಂದ ಬಂದ ಕನ್ನಡದ ಹುಡುಗರು. ನಮ್ಮ ಮಿತ್ರರು ಆಗಿನ್ನೂ ಮೀಸೆ ಚಿಗುರಿದ ತರುಣರು. ಗಿರಣಿ ಕಾರ್ಮಿಕರ ಮಗ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ. ಆ ದಿನದ ಪಂಚರಲ್ಲಿ ಅವರೊಬ್ಬರು. ಪಂದ್ಯದ ಪೂರ್ವಾರ್ಧದಲ್ಲಿ ಪಟ್ಟಣದ ಕಡೆಯವರು, 'ಪಂಚ ಕಾನಡಿಯವನು, ಅವರವರಿಗೇ ಅಂಕ ಕೊಡುತ್ತಿದ್ದಾನೆ' ಎಂದು ಗುಲ್ಲೆಬ್ಬಿಸಿದರು. ಕೊನೆಯ ನಿಮಿಷದಲ್ಲಿ ಅಂಕಗಳು ಸಮನಾಗಿದ್ದಾಗ ಕನ್ನಡದ ಹುಡುಗನೊಬ್ಬ ದಾಳಿಗೆ ಹೋಗಿ, ಎದುರಾಳಿಯೊಬ್ಬನನ್ನು ಮುಟ್ಟಿ ಮರಳುವಾಗ ಅಂಚಿನ ಗೆರೆಯ ಆಚೆ ಕಾಲಿಟ್ಟನು. ಪಂಚರು ಸೀಟಿಯನ್ನು ಊದಿದರು. ಸದ್ದು ಹೊರಡಲಿಲ್ಲ! ಒಳಗಿನ ಬೆಂಡಿನ ಗುಂಡು ಧೂಳು, ಎಂಜಲುಗಳಿಗೆ ಉಬ್ಬಿ ಸಿಕ್ಕಿಕೊಂಡಿತ್ತು. ಹುಡುಗನು ನಡುಗೆರೆಯನ್ನು ಮುಟ್ಟಿದನು, ಜನ ಕುಣಿದರು. ಆಮೇಲೆ ಪಂಚರ ಕೈ ಮೇಲೆದ್ದಿತು: ದಾಳಿಗಾರ ಔಟು.

ಮೊದಲು ಸುಮ್ಮನಿದ್ದು ಆಮೇಲೆ ಕೈಯೆತ್ತಿದವನನ್ನು ಜನ ಏನೆಂದು ತಿಳಿಯಬೇಕು? "ಸೀಟಿ ಮಾರಿಕೊಂಡಾನ!" ಎಂಬ ಕೂಗು ಕನ್ನಡದ ಗುಂಪಿನಿಂದ ಎದ್ದಿತು. ಒಂದೇ ಪಂದ್ಯದಲ್ಲಿ ಒಬ್ಬನೇ ಮನುಷ್ಯನು ಮೊದಲು ಕನ್ನಡದವನೆಂದು, ಬಳಿಕ ಮರಾಠಿಗರಿಗೆ ಮಾರಿಕೊಂಡವನೆಂದು ಎರಡು ಬಾರಿ ದೂಷಿತನಾದನು. ಕಲ್ಲುಗಳು ಬಿದ್ದವು. ಹಿರಿಯರು ಅವರನ್ನು ಗುಡಿಯೊಳಕ್ಕೆ ಕರೆದೊಯ್ದು ಬಾಗಿಲು ಹಾಕಿ ಉಳಿಸಿದರು. ವಾಚಕರೇ, ಆ ಕೂಗನ್ನು ಮೊದಲು ಎಬ್ಬಿಸಿದವರಲ್ಲಿ ಆಗತಾನೇ ಶಿಕ್ಷಕ ವೃತ್ತಿಗೆ ಸೇರಿದ್ದ ನಾವೂ ಒಬ್ಬರು. ಅಂಚಿನ ಗೆರೆಯ ಹತ್ತಿರವೇ ಕುಳಿತಿದ್ದೆವು. ಹುಡುಗನ ಕಾಲು ಆಚೆ ಬಿದ್ದುದನ್ನು ನಾವು ಕಂಡಿದ್ದೆವು. ಕಂಡೂ ಕೂಗಿದೆವು. ಈ ಅಂಗಡಿಯ ಸುದ್ದಿಯನ್ನು ಬರೆಯಲು ಇಷ್ಟು ದಿನ ಲೇಖನಿ ಏಳದಿದ್ದುದಕ್ಕೆ ಅದೇ ಕಾರಣ.

ಹೀಗೆ ಸೀಟಿ ಕೈಕೊಟ್ಟದ್ದು ನಮ್ಮ ಜಾತ್ರೆಯೊಂದರಲ್ಲಿಯೇ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜೋಸೆಫ್ ಹಡ್ಸನ್ ಎಂಬ ಕುಶಲಕರ್ಮಿ ೧೮೮೪ರಲ್ಲಿ ಒಳಗೆ ಗುಂಡು ಇರುವ 'ಆಕ್ಮಿ ಥಂಡರರ್' ಸೀಟಿಯನ್ನು ಮಾಡಿದಂದಿನಿಂದ ನೂರು ವರ್ಷಗಳ ಕಾಲ ಲೋಕದ ಪಂಚರೆಲ್ಲ ಬಹುಮಟ್ಟಿಗೆ ಅದರ ಜಾತಿಯ ಸೀಟಿಗಳನ್ನೇ ನಂಬಿದ್ದರು. ಗುಂಡು ಕುಣಿದರೆ ನಾದ. ಸಿಕ್ಕಿಕೊಂಡರೆ ಬರಿಯ ಗಾಳಿ. ಕೆನಡಾ ದೇಶದ ಹ್ಯಾಮಿಲ್ಟನ್ ಊರಿನ ರಾನ್ ಫಾಕ್ಸ್‌ಕ್ರಾಫ್ಟ್ ಎಂಬವರು ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಬಾಸ್ಕೆಟ್‌ಬಾಲಿನ ಅಂತಿಮ ಪಂದ್ಯವನ್ನು ನಡೆಸಿದ ದೊಡ್ಡ ರೆಫರಿ. ೧೯೮೪ರಲ್ಲಿ ಬ್ರೆಜಿಲಿನ ಸಾವೊ ಪೌಲೊ ನಗರದಲ್ಲಿ ಒಲಿಂಪಿಕ್ಸಿಗೆ ಮುಂಚಿನ ಪಂದ್ಯವೊಂದರಲ್ಲಿ ಅವರ ಸೀಟಿಯೂ ಸಿಕ್ಕಿಕೊಂಡಿತು. ತಪ್ಪನ್ನು ಕಂಡೂ ಆಟ ನಿಲ್ಲಿಸಲಾಗಲಿಲ್ಲ. ಸಾವಿರಾರು ಜನರ ಕೋಪಕ್ಕೆ ಗುರಿಯಾದರು. ಊರಿಗೆ ಮರಳಿದವರು ಆಟದ ಹುಚ್ಚು ಸಾಕೆಂದು ಕೂರದೆ, ಚಕ್ ಶೆಪರ್ಡ್ ಎಂಬ ವಿನ್ಯಾಸಕಾರರನ್ನು ಕೂಡಿಕೊಂಡು ಗುಂಡೇ ಇಲ್ಲದ ಸೀಟಿಯನ್ನು ಸಿದ್ಧಪಡಿಸಲು ಹೊರಟರು. ಮಾದರಿಯ ಮೇಲೆ ಮಾದರಿ ಮಾಡಿ ಕೆಡಿಸಿ, ಕೈಯ ಹಣವನ್ನು ಕರಗಿಸಿ, ಕೊನೆಗೆ ೧೯೮೭ರಲ್ಲಿ ಇಂಡಿಯಾನಾಪೊಲಿಸ್ ನಗರದ ಪ್ಯಾನ್ ಅಮೆರಿಕನ್ ಕ್ರೀಡಾಕೂಟಕ್ಕೆ ಅದನ್ನು ಒಯ್ದರು. ತಮ್ಮ ಹೆಸರಿನ ತುಣುಕನ್ನೂ ತಮ್ಮ ನಲವತ್ತರ ವಯಸ್ಸನ್ನೂ ಸೇರಿಸಿ ಅದಕ್ಕೆ 'ಫಾಕ್ಸ್ ೪೦' ಎಂದು ಹೆಸರಿಟ್ಟರು. ಇಂದು ಅದು ಲೋಕದ ಮೈದಾನಗಳಲ್ಲೆಲ್ಲ ಕೇಳಿಬರುತ್ತದೆ. ಒಳಗೆ ಅಲುಗುವ ವಸ್ತುವೇ ಇಲ್ಲದ್ದರಿಂದ ಧೂಳಿಗೂ ನೀರಿಗೂ ಅದು ಜಗ್ಗುವುದಿಲ್ಲ.

ಈ ಕಥೆಯನ್ನು ನಮ್ಮ ಮಿತ್ರರಿಗೆ ಹೇಳಿದಾಗ ಅವರು ನಕ್ಕು, "ಅಂವ ಹೊಸಾ ಸೀಟಿ ಮಾಡಿದ, ನಾ ಎರಡು ಸೀಟಿ ಮಾಡಿದ್ನಿ. ನನ್ನ ಬುದ್ಧಿ ಅಷ್ಟs ಓಡಿತು ನೋಡ್ರಿ" ಎಂದರು. ಗುಂಡಿಲ್ಲದ ಸೀಟಿ ಬಂದ ಮೇಲೂ ಎರಡರ ನಿಯಮವನ್ನು ಅವರು ಸಡಿಲಿಸಿಲ್ಲ. ಕೆಡದ ವಸ್ತುವೂ ಕಳೆದುಹೋಗಬಹುದಷ್ಟೆ.

ಇಂಥ ವ್ಯಾಪಾರದಿಂದ ಹೊಟ್ಟೆ ತುಂಬುತ್ತದೆಯೇ ಎಂದು ವಾಚಕರು ಕೇಳಬಹುದು. ತುಂಬುವುದಿಲ್ಲ. ಪಂಚನಾದವನು ಒಮ್ಮೆ ಸೀಟಿ ಕೊಂಡರೆ ವರ್ಷಗಟ್ಟಲೆ ಮತ್ತೆ ಬರುವುದಿಲ್ಲ. ಒಂದು ಜಿಲ್ಲೆಯಲ್ಲಿ ಎಷ್ಟು ಜನ ಪಂಚರಿದ್ದಾರು? ದೀಪಾವಳಿ ಕಳೆದ ಮೇಲೆ ಪಂದ್ಯಗಳು ಆರಂಭವಾಗಿ ಬೇಸಿಗೆಯವರೆಗೆ ಗಿರಾಕಿ. ಮಳೆ ಹಿಡಿಯಿತೆಂದರೆ ಕಪಾಟಿಗೆ ಧೂಳು. ಅನ್ನ ಕೊಡುವುದು ಶಾಲೆಯ ಸಮವಸ್ತ್ರ. ಅದೃಷ್ಟವಶಾತ್ ಅದರ ಸುಗ್ಗಿ ಮಳೆಗಾಲದ ಮೊದಲಿಗೇ ಬರುತ್ತದೆ. ಆದ್ದರಿಂದ ಈ ಕಸುಬಿಗೆ ಕೈಹಾಕಬೇಕೆನ್ನುವ ತರುಣರಿಗೆ ನಮ್ಮ ಮಿತ್ರರು ಹೇಳುವ ಮೊದಲ ಮಾತೆಂದರೆ, ಇದೊಂದನ್ನೇ ನೆಚ್ಚಬೇಡಿ ಎಂಬುದು. ಎರಡನೆಯದು, ಬಟ್ಟೆಯನ್ನು ಬಲ್ಲವರಾಗಿರಿ ಎಂಬುದು. ಸೀಟಿ, ಗಡಿಯಾರಗಳನ್ನು ಎಲ್ಲಿಂದಲೋ ತರಿಸಿ ಮಾರುವುದರಲ್ಲಿ ದೊರೆಯುವುದು ಪುಡಿಗಾಸು. ಅಳತೆ ತೆಗೆದು ಹೊಲಿದುಕೊಡುವ ಅಂಗಿ, ಪ್ಯಾಂಟು, ಕೋಟುಗಳಲ್ಲಿಯೇ ಒಂದಿಷ್ಟು ನಫೆ.

ಪಂಚನ ಅಂಗಿ ಎಲ್ಲರ ಅಂಗಿಯಂತಲ್ಲ. ಅದರ ಬಣ್ಣ ಯಾವ ತಂಡದ ಬಣ್ಣವನ್ನೂ ಹೋಲಬಾರದು. ಕೈಯನ್ನು ನೇರವಾಗಿ ಮೇಲೆತ್ತಿದಾಗ ಅಂಗಿಯು ಸೊಂಟದಿಂದ ಹೊರಬರಬಾರದು. ಬಗ್ಗಿ ಗೆರೆ ನೋಡುವಾಗ ಕಿಸೆಯೊಳಗಿನದು ಚೆಲ್ಲಬಾರದು. ಕ್ರಿಕೆಟ್ ಅಂಪೈರನ ಕಿಸೆಯಲ್ಲಿ ಚೆಂಡು ಅಡಗಬೇಕು. ಅಡಗಿದ್ದು ಓಡಾಡುವಾಗ ತೊಡೆಗೆ ಬಡಿಯಬಾರದು. ನಮ್ಮ ಸೋಲಾಪುರದ ಬಿಸಿಲಿಗೆ ಬಟ್ಟೆ ಗಾಳಿಯಾಡುವಂತಿರಬೇಕು, ಆದರೆ ಬೆವರಿಗೆ ಪಾರದರ್ಶಕವಾಗಬಾರದು. ಕತ್ತರಿಸುವ ಕೆಲಸವೆಲ್ಲ ನಮ್ಮ ಮಿತ್ರರ ಮನೆಯವರದು. ಅವರನ್ನು ನಾವು ವೈನಿ ಎನ್ನುತ್ತೇವೆ. ಹತ್ತಾರು ವರ್ಷಗಳಿಂದ ಗಂಡಸರ ಅಳತೆಗಳೇ ಅಲ್ಲಿ ನೇತಾಡುತ್ತಿದ್ದವು. ಈಚೆಗೆ ಕಬಡ್ಡಿ, ಖೋಖೋ ಪಂದ್ಯಗಳಿಗೆ ಹೆಣ್ಣುಮಕ್ಕಳೂ ಪಂಚರಾಗಿ ಬರತೊಡಗಿದ್ದಾರೆ. ಕ್ರಿಕೆಟಿನಲ್ಲಿಯೂ ೨೦೨೩ರ ಜನವರಿಯಲ್ಲಿ ವೃಂದಾ ರಾಠಿ, ಎನ್. ಜನನಿ, ಗಾಯತ್ರಿ ವೇಣುಗೋಪಾಲನ್ ಎಂಬ ಮೂವರು ರಣಜಿ ಪಂದ್ಯಗಳಲ್ಲಿ ಅಂಪೈರರಾಗಿ ನಿಂತ ಪ್ರಥಮ ಮಹಿಳೆಯರಾದರು. "ಗಂಡಸರ ಅಂಗಿ ಸಣ್ಣದು ಮಾಡಿದ್ರ ಹೆಣ್ಮಕ್ಕಳ ಅಂಗಿ ಆಗೂದಿಲ್ರಿ. ಮೊದಲಿಂದ ಬ್ಯಾರೆ ಕತ್ತರಸಬೇಕು" ಎಂದು ವೈನಿಯವರು ಅವರಿಗಾಗಿಯೇ ಹೊಸ ಕಾಗದದ ಅಚ್ಚುಗಳನ್ನು ಮಾಡಿಟ್ಟಿದ್ದಾರೆ. ಮೊದಲ ಅಂಗಿಯನ್ನು ತೊಟ್ಟು ಕನ್ನಡಿಯೆದುರು ಕೈಯೆತ್ತಿ ನೋಡಿಕೊಂಡ ಹುಡುಗಿಯಿಂದ ಅವರು ಹಣ ಪಡೆಯಲಿಲ್ಲವೆಂಬುದು ನಮಗೆ ಓಣಿಯ ಮೂಲಕ ತಿಳಿದ ಸುದ್ದಿ.

ನಿಯಮ ಬದಲಾದರೆ ಈ ಅಂಗಡಿಯ ಸರಕೂ ಬದಲಾಗಬೇಕು. ೨೦೧೭ರ ಅಕ್ಟೋಬರಿನಿಂದ ಕ್ರಿಕೆಟಿನ ಬ್ಯಾಟಿನ ದಪ್ಪಕ್ಕೂ ಮಿತಿ ಬಂದಿತು: ಅಗಲ ೧೦.೮ ಸೆಂಟಿಮೀಟರ್, ಗರಿಷ್ಠ ದಪ್ಪ ೬.೭, ಅಂಚು ೪. ಬ್ಯಾಟನ್ನು ತೂರಿಸಿ ನೋಡುವ ಚೌಕಟ್ಟೊಂದು ಅಂದಿನಿಂದ ಅಂಪೈರರಿಗೆ ಬೇಕಾಯಿತು. ನಮ್ಮ ಮಿತ್ರರು ಬಡಿಗನಿಂದ ಅಂಥ ಒಂದು ಚೌಕಟ್ಟನ್ನು ಮಾಡಿಸಿ, ಕೊಳ್ಳಲಾರದವರಿಗೆ ಪಂದ್ಯದ ದಿನ ಎರವಲು ಕೊಡುತ್ತಾರೆ.

ಮಾರಾಟವಾಗದೆ ಉಳಿದ ಸರಕೂ ಒಂದುಂಟು: ಶಿರಸ್ತ್ರಾಣ. ೨೦೧೪ರ ನವೆಂಬರಿನಲ್ಲಿ ಇಸ್ರೇಲಿನ ಅಶ್ದೋದ್ ಊರಿನಲ್ಲಿ ಹಿಲೆಲ್ ಆಸ್ಕರ್ ಎಂಬ ಅಂಪೈರರು ಚೆಂಡು ಬಡಿದು ತೀರಿಕೊಂಡರು. ೨೦೧೫ರ ಡಿಸೆಂಬರಿನಲ್ಲಿ ತಮಿಳುನಾಡಿನ ದಿಂಡಿಗಲ್ಲಿನಲ್ಲಿ ನಡೆದ ರಣಜಿ ಪಂದ್ಯದಲ್ಲಿ ಆಸ್ಟ್ರೇಲಿಯದ ಜಾನ್ ವಾರ್ಡ್ ಎಂಬ ಅಂಪೈರರ ತಲೆಗೆ ಚೆಂಡು ಅಪ್ಪಳಿಸಿತು. ಮರುತಿಂಗಳೇ ಕ್ಯಾನ್‌ಬೆರಾದಲ್ಲಿ ನಡೆದ ಭಾರತ-ಆಸ್ಟ್ರೇಲಿಯ ಪಂದ್ಯಕ್ಕೆ ಅವರು ಶಿರಸ್ತ್ರಾಣ ಧರಿಸಿಯೇ ನಿಂತರು. ಬ್ಯಾಟಿನಿಂದ ನೆಟ್ಟಗೆ ಹಾರಿಬರುವ ಚೆಂಡಿನೆದುರು ಬರಿತಲೆಯಲ್ಲಿ ನಿಲ್ಲುವವರಲ್ಲಿ ಅಂಪೈರನೂ ಒಬ್ಬ. ಆದರೂ ನಮ್ಮವರು ಕೊಳ್ಳುವುದಿಲ್ಲ. "ಮಂದಿ ನಗತಾರ" ಎಂಬುದೇ ಎಲ್ಲರ ಉತ್ತರ. ಕಲ್ಲು ಎಸೆಯುವ ಮಂದಿಗೆ ಹೆದರದವನು ನಗುವ ಮಂದಿಗೆ ಹೆದರುತ್ತಾನೆಂದು ನಮ್ಮ ಮಿತ್ರರು ತಲೆಯಾಡಿಸುತ್ತಾರೆ. ಮೂರು ಶಿರಸ್ತ್ರಾಣಗಳು ಕಪಾಟಿನ ತುದಿಯಲ್ಲಿ ಕುಳಿತಿವೆ. ಅವುಗಳ ಮೇಲೆ ಹಾಕಿದ ಹಣ ಬರುವುದೆಂಬ ಆಸೆ ಅವರಿಗಿಲ್ಲ, ಆದರೂ ತೆಗೆದಿಡುವುದಿಲ್ಲ.

ಉದ್ರಿಯ ಖಾತೆ ಈ ವ್ಯಾಪಾರದ ದೊಡ್ಡ ಹೊರೆ. ಪಂದ್ಯ ನಡೆಸುವವರು ಆಟಗಾರರ ಬಹುಮಾನವನ್ನು ಅಂದೇ ವೇದಿಕೆಯ ಮೇಲೆ ಹಂಚುತ್ತಾರೆ, ಹಾರ-ತುರಾಯಿಗಳಿಗೂ ಕಡಿಮೆ ಮಾಡುವುದಿಲ್ಲ. ಪಂಚನ ಸಂಭಾವನೆ ಮಾತ್ರ 'ನಾಳೆ ಬಾ' ಎಂಬಲ್ಲಿಗೆ ನಿಲ್ಲುತ್ತದೆ. ಅವನಿಗೆ ಬಂದಾಗಲೇ ಇವರಿಗೆ. ಇದರ ಜೊತೆಗೆ ಆದಿತ್ಯವಾರ ಮಧ್ಯಾಹ್ನ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ನಾಲ್ಕಾರು ಹುಡುಗರು ನಿಯಮಪುಸ್ತಕ ಹಿಡಿದು ಕೂಡುತ್ತಾರೆ. ಜಿಲ್ಲಾ, ರಾಜ್ಯ ಸಂಸ್ಥೆಗಳು ನಡೆಸುವ ಪರೀಕ್ಷೆಯನ್ನು ಪಾಸಾಗದೆ ಅಧಿಕೃತ ಪಂಚನಾಗುವಂತಿಲ್ಲ. ಆ ಪರೀಕ್ಷೆಗೆ ಇಲ್ಲಿ ತಯಾರಿ ನಡೆಯುತ್ತದೆ. ಕನ್ನಡ ಮನೆಮಾತಿನವನು ಮರಾಠಿಯ ಪುಸ್ತಕ ಓದುವಾಗ ಎಡವಿದರೆ ಪಕ್ಕದವನು ಬಿಡಿಸಿ ಹೇಳುತ್ತಾನೆ. ಶುಲ್ಕವಿಲ್ಲ, ಚಹಾ ಮಾತ್ರ ಅವರವರ ಖರ್ಚು.

ಹಿಂದೊಮ್ಮೆ ಈ ಅಂಗಡಿಗೆ ಅಗ್ನಿಪರೀಕ್ಷೆಯ ದಿನವೂ ಬಂದಿತ್ತು. ದೊಡ್ಡ ಪಂದ್ಯಾವಳಿಯೊಂದರ ವ್ಯವಸ್ಥಾಪಕರು ಕಾರಿನಲ್ಲಿ ಬಂದು ಇಳಿದರು. ಎಲ್ಲ ತಂಡಗಳ ಉಡುಪು, ಅದರ ಹಿಂದೆ ಅವರದೇ ಶಾಲೆಗಳ ಸಮವಸ್ತ್ರ, ಇಷ್ಟನ್ನೂ ಇವರಿಗೇ ಒಪ್ಪಿಸುವುದಾಗಿ ಹೇಳಿದರು. ಎರಡು ವರ್ಷ ಕೈತುಂಬ ಕೆಲಸ. ಮಗಳ ಮದುವೆಯ ಮಾತುಕತೆ ನಡೆದಿದ್ದ ಕಾಲ. ಬದಲಿಗೆ ಬೇಕಾದದ್ದು ಅಲ್ಪವೇ: ಪಂಚರೆಲ್ಲ ನಿಮ್ಮ ಮಾತು ಕೇಳುವವರು, ಅಂತಿಮ ಪಂದ್ಯಕ್ಕೆ ನಾವು ಹೇಳಿದಂತೆ ಸೀಟಿ ಊದುವ ಇಬ್ಬರನ್ನು ನೀವೇ ಆರಿಸಿ ಕೊಡಬೇಕು. ನಮ್ಮ ಮಿತ್ರರು ಅಳತೆಯ ಪಟ್ಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು, "ಪಂಚರ ಬಟ್ಟಿ ಹೊಲದು ಕೊಡತೀನ್ರಿ ಸಾಹೇಬ್ರ. ಪಂಚರನ್ನs ಹೊಲದು ಕೊಡೂದು ನನಗ ಬರೂದಿಲ್ಲ" ಎಂದರಂತೆ. ಕಾರು ಹೋಯಿತು. ಅದರ ಹಿಂದೆಯೇ, ಅನೇಕ ವರ್ಷಗಳಿಂದ ಬರುತ್ತಿದ್ದ ಎರಡು ಶಾಲೆಗಳ ಸಮವಸ್ತ್ರವೂ ಹೋಯಿತು. ಮದುವೆ ಒಂದು ವರ್ಷ ಮುಂದಕ್ಕೆ ಬಿದ್ದಿತು. ವೈನಿಯವರು ಅಂದು ಏನೆಂದರೆಂದು ನಾವು ಕೇಳಿದೆವು. "ಏನಂತೀನ್ರಿ? ನಾ ಕತ್ತರಸಿದ್ದ ಅಂಗಿ ಅವರು ಹಾಕ್ಕೊಂಡ ನಿಂತಿರತಾರ. ಸುಳ್ಳ ಕೈ ಎತ್ತಿದ್ರ ನನ್ನ ಹೊಲಿಗಿ ಹರಿದಂಗs ಅಲ್ಲೇನ್ರಿ?" ಎಂಬುದು ಅವರ ಉತ್ತರ.

ಗಡಿಯ ಜನರಾದ ನಮಗೆ ಈ ಸಂದರ್ಭದಲ್ಲಿ ನೆನಪಾಗುವ ಘಟನೆಯೊಂದುಂಟು. ೧೯೮೬ರ ನವೆಂಬರಿನಲ್ಲಿ ಲಾಹೋರಿನಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ತಂಡಗಳ ಟೆಸ್ಟ್ ಪಂದ್ಯ. ಅಂದಿನವರೆಗೆ ಟೆಸ್ಟ್ ಪಂದ್ಯಗಳಿಗೆ ಆತಿಥೇಯ ದೇಶದವರೇ ಅಂಪೈರರಾಗಿರುವುದು ವಾಡಿಕೆ. ಸೋತವರು ದೂರುವುದೂ ವಾಡಿಕೆ. ಈ ದೂರನ್ನು ಕೊನೆಗಾಣಿಸಬೇಕೆಂದು ಪಾಕಿಸ್ತಾನದ ನಾಯಕ ಇಮ್ರಾನ್ ಖಾನರು ಮುಂದಾದಾಗ, ಇಬ್ಬರಿಗೂ ಸೇರದ ಮೂರನೆಯವರೆಂದು ಕರೆಸಿಕೊಂಡದ್ದು ಯಾರನ್ನು? ಭಾರತದ ವಿ. ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅವರನ್ನು! ಎರಡು ಯುದ್ಧಗಳ ನೆನಪು ಇನ್ನೂ ಹಸಿಯಾಗಿದ್ದ ಗಡಿಯನ್ನು ದಾಟಿ ಹೋಗಿ ಅವರಿಬ್ಬರೂ ಅಲ್ಲಿ ನಿಂತರು. ಆ ಮೇಲೆ ೧೯೯೪ರಿಂದ ಪ್ರತಿ ಟೆಸ್ಟಿಗೂ ಒಬ್ಬ, ೨೦೦೨ರಿಂದ ಇಬ್ಬರೂ ಮೂರನೆಯ ದೇಶದವರಿರಬೇಕೆಂಬ ನಿಯಮ ಬಂದಿತು. ೨೦೨೦ರ ಮಹಾಮಾರಿಯ ಕಾಲದಲ್ಲಿ ಪ್ರಯಾಣದ ತೊಂದರೆಯಿಂದ ಅದನ್ನು ಸಡಿಲಿಸಬೇಕಾಯಿತು. ಹೊರಗಿನವನನ್ನು ಕರೆಸಬಹುದಾದ ದೊಡ್ಡ ಆಟಗಳಿಗೆ ಅದು ಸರಿ. ನಮ್ಮ ಜಾತ್ರೆಯ ಕಬಡ್ಡಿಗೆ ಮೂರನೆಯ ದೇಶದವನು ಎಲ್ಲಿಂದ ಬರಬೇಕು? ನಮ್ಮೊಳಗಿನಿಂದಲೇ ಒಬ್ಬನು ಎದ್ದು, ಅಂಗಿ ತೊಟ್ಟು, ಆ ಎರಡು ತಾಸುಗಳ ಮಟ್ಟಿಗೆ ಯಾರ ಮಗನೂ ಅಲ್ಲದವನಾಗಿ ನಿಲ್ಲಬೇಕು. ಅವನು ತೊಡುವ ಅಂಗಿಯ ಬೆಲೆ ಅದರ ಬಟ್ಟೆಯಲ್ಲಿಲ್ಲ. ಅದನ್ನು ಕಂಡೊಡನೆ ನಾವು ಅವನ ಮನೆಮಾತನ್ನು ಮರೆಯುತ್ತೇವೆಯೇ ಎಂಬುದರಲ್ಲಿದೆ. ನಾವು ಮರೆಯದಿದ್ದರೆ ವೈನಿಯವರು ಎಷ್ಟು ಚೆನ್ನಾಗಿ ಹೊಲಿದರೂ ವ್ಯರ್ಥ.

ಈ ಲೇಖನಕ್ಕಾಗಿ ಕಳೆದ ವಾರ ಅಂಗಡಿಗೆ ಹೋದಾಗ ನಾವು ಜಾತ್ರೆಯ ಆ ದಿನದ ಮಾತನ್ನೆತ್ತಿದೆವು. ಕೂಗಿದವರಲ್ಲಿ ನಾವೂ ಇದ್ದೆವೆಂದು, ಕಾಲು ಆಚೆ ಬಿದ್ದುದನ್ನು ಕಂಡಿದ್ದೆವೆಂದು ಹೇಳಿದೆವು. ನಮ್ಮ ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ. ಕೈಯಲ್ಲಿದ್ದ ಕೋಟಿಗೆ ಗುಂಡಿ ಹಚ್ಚುವುದನ್ನು ಮುಗಿಸಿದರು. ಬಳಿಕ, "ಕಲ್ಲ ಬಿದ್ದಿದ್ದು ಮರತೀನ್ರಿ ಮಾಸ್ತರ. ಕಾಲ ಹೊರಗ ಬಿದ್ದಿತ್ತೋ ಇಲ್ಲೋ ಅನ್ನೂ ಸಂಶೇ ಮಾತ್ರ ಇಷ್ಟ ವರ್ಷ ಕಾಡತಿತ್ತು. ನಾನs ತಪ್ಪ ನೋಡಿದ್ನೇನೋ ಅಂತ ಎಷ್ಟೋ ರಾತ್ರಿ ಎದ್ದ ಕುಂತೀನಿ. ನೀವು ನೋಡಿದ್ರಿ ಅಂದ್ರಲ್ಲ, ಇವತ್ತ ಅದು ಹೋತು" ಎಂದರು. ಕೋಪಿಸಿಕೊಂಡಿದ್ದರೆ ನಮಗೆ ಹಗುರವಾಗುತ್ತಿತ್ತು. ಒಂದು ಮಾತು ಹೇಳಿ ತೀರಿಸಬಹುದಾಗಿದ್ದ ಸಂಶಯವನ್ನು ನಲವತ್ತು ವರ್ಷ ಒಬ್ಬನ ತಲೆಯ ಮೇಲೆ ಹೊರಿಸಿದ್ದೆವೆಂಬುದು ನಮಗೆ ಆಗ ತಿಳಿಯಿತು.

ಹೊರಡುವಾಗ ನಾವು ಒಂದು ಸೀಟಿ ಕೇಳಿದೆವು. ಮೊಮ್ಮಗನು ಈ ವರ್ಷ ಶಾಲೆಯ ಪಂದ್ಯಗಳಿಗೆ ಪಂಚನಾಗುವೆನೆನ್ನುತ್ತಿದ್ದಾನೆ. ನಿಯಮದಂತೆ ಎರಡು ಕಟ್ಟಿಕೊಟ್ಟರು. ಸಲಿಗೆಯಿಂದ ಎರಡನೆಯದಕ್ಕೂ ಪೂರ್ಣ ಬೆಲೆಯಿಟ್ಟಾಗ ಅರ್ಧವನ್ನು ಮರಳಿಸಿದರು. ನಿಯಮ ಎಲ್ಲರಿಗೂ ಒಂದೇ ಎಂದರು.

ವಾಚಕ ಬಂಧುಗಳೇ, ಮುಂದಿನ ಜಾತ್ರೆಗೆ ಹೋದಾಗ ಗೆರೆಯ ಹತ್ತಿರ ಕುಳಿತು ಆಟ ನೋಡಿರಿ. ನಿಮ್ಮವರು ಗೆದ್ದರೆ ಕುಣಿಯಿರಿ. ನಿಮ್ಮವರ ಕಾಲು ಆಚೆ ಬಿದ್ದುದನ್ನು ಕಂಡರೆ ಕಂಡೆವೆಂದು ಹೇಳಿರಿ. ಪಂಚನ ಸಂಭಾವನೆ ಅಂದೇ ಕೈಗೆ ಬಿತ್ತೋ ಇಲ್ಲವೋ ಎಂದು ವ್ಯವಸ್ಥಾಪಕರನ್ನು ಒಂದು ಮಾತು ಕೇಳಿರಿ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಆಟಗಾರರಾಗಲಾರದೆ ಮುಖ ಬಾಡಿಸಿಕೊಂಡಿದ್ದರೆ, ಆಟದಲ್ಲಿ ಇನ್ನೊಂದು ಸ್ಥಾನವೂ ಉಂಟೆಂದು ತೋರಿಸಿಕೊಡಿರಿ. ಅಂಗಡಿಯನ್ನು ಹುಡುಕುವುದು ಕಷ್ಟವಲ್ಲ. ನವೀ ಪೇಠೆಯಲ್ಲಿ ಪಂಚರ ಅಂಗಡಿ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ. ಸೈಕಲ್ ರಿಪೇರಿಯವನ ಬಳಿಗೆ ಕಳುಹಿಸಿದರೆ ಮಾತ್ರ ಇನ್ನೊಮ್ಮೆ ವಿಚಾರಿಸಬೇಕು.